ಗುಜ್ಜೆ ಬಾಯಿ ಬಿಟ್ಟಿತು: ಹಳೇ ಟೀವಿ ಬೊಂಬೆಗಳ ನೆನಪಲ್ಲಿ ಕಟ್ಟಿದ ಸ್ಪಂಜಿನ ಬೊಂಬೆ

ಗುಜ್ಜೆ (ಎಳೆ ಹಲಸು) ಅಂತ ಹೆಸರಿಟ್ಟ ನಮ್ಮ ಬೊಂಬೆಯ ಕೆಲಸ ಒಂದು ಹದಕ್ಕೆ ಬಂತು. ಬಾಯಿ ಆಡ್ತದೆ, ಕಣ್ಣು ಸರಿಯಾಗಿ ಎದುರಿದ್ದವರನ್ನು ನೋಡ್ತದೆ, ಹಪ್ಪಳ ತಿಂತದೆ. ಅದರ ಜೋಡಿ ಬೊಂಬೆ ನುಗ್ಗೆ ಮಾತ್ರ ಅರ್ಧದಲ್ಲಿ ನಿಂತಿದೆ, ಅದರ ಕಾರಣ ಕೊನೆಗೆ ಹೇಳ್ತೇನೆ. ಮಳೆ ಜಾಸ್ತಿ ಇರುವ ಊರಲ್ಲಿ ಕೂತು ಇಂಥ ಬಾಯಿ ಆಡಿಸುವ ಬೊಂಬೆ ಮಾಡ್ಲಿಕ್ಕೆ ಹೊರಟವರಿಗೆ ಉಪಯೋಗ ಆಗ್ಲಿ ಅಂತ ಅಳತೆ, ಖರ್ಚು, ಹಾಳಾದ ಸಾಮಾನು ಎಲ್ಲ ಬರೆದಿಡ್ತಾ ಇದ್ದೇನೆ.

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮೂರ ವಾಚನಾಲಯದಲ್ಲಿ ಸಂಜೆ ಸೇರುವ ನಾಲ್ಕೈದು ಜನರಿಗೆ ಟೀವಿ ಬೊಂಬೆ ಅಂದ್ರೆ ಪ್ರಾಣ. ಒಬ್ಬ ಕುವೈಟಲ್ಲಿ ಹುಟ್ಟಿ ಬೆಳೆದವ, ಅವನಿಗೆ 'ಇಫ್ತಹ್ ಯಾ ಸಿಮ್‌ಸಿಮ್' ಬಿಟ್ರೆ ಬೇರೆ ಇಲ್ಲ, ಅಮೆರಿಕದ ಮಕ್ಕಳ ಬೊಂಬೆ ಕಾರ್ಯಕ್ರಮ ಸೆಸಮಿ ಸ್ಟ್ರೀಟಿನ ಅರಬಿ ರೂಪ ಅದು, 1979ರಲ್ಲಿ ಕುವೈಟಿಂದಲೇ ಶುರುವಾದದ್ದು, ಅದರಲ್ಲಿ ಬರುವ ನೊಮಾನ್ ಅನ್ನುವ ದೊಡ್ಡ ಮೈಯ ಬೊಂಬೆಯ ಬಗ್ಗೆ ಅವ ಈಗ್ಲೂ ಗಂಟೆಗಟ್ಲೆ ಹೇಳ್ತಾನೆ. ನನಗೆ ಗಲ್ಫಿಂದ ಬಂದ ನೆಂಟರ ವಿಸಿಆರ್ ಕ್ಯಾಸೆಟ್ಟಿನಲ್ಲಿ ನೋಡಿದ ಸೆಸಮಿ ಸ್ಟ್ರೀಟಿನ ಜೋಡಿ ಅರ್ನಿ ಮತ್ತೆ ಬರ್ಟ್. ನಮ್ಮಲ್ಲಿ ಎಲ್ಲರಿಗಿಂತ ಸಣ್ಣವಳು 2006ರಲ್ಲಿ ಶುರುವಾದ ಹಿಂದಿ ಸೆಸಮಿ ಸ್ಟ್ರೀಟ್ 'ಗಲಿ ಗಲಿ ಸಿಮ್ ಸಿಮ್'ನ ಚಮ್ಕಿಯನ್ನು ನೋಡಿ ಬೆಳೆದವಳು. ಇಂದುಶ್ರೀ ಅವರ ಮಾತಾಡುವ ಬೊಂಬೆ ಡಿಂಕು ಕೆಲವರಿಗೆ ಇಷ್ಟ. ಲಿಜ್ಜತ್ ಹಪ್ಪಳದ ಜಾಹೀರಾತಲ್ಲಿ ಬರ್ತಿದ್ದ ರಾಮದಾಸ್ ಪಾಧ್ಯೆ ಅವರ ಮೊಲ ಮಾತ್ರ ಒಬ್ಬೊಬ್ಬರಿಗೂ ನೆನಪುಂಟು, ಅದು ನಗುವ ರೀತಿಯನ್ನು ಯಾರು ಬೇಕಾದ್ರೂ ಮಾಡಿ ತೋರಿಸ್ತಾರೆ.

ಮಾತು ಅಲ್ಲಿಗೇ ನಿಲ್ಲದೆ ನಾವೇ ಒಂದು ಜೋಡಿ ಮಾಡುವ, ಕಾಸರಗೋಡಿನ ಕನ್ನಡ ಮಾತಾಡುವ ಬೊಂಬೆಗಳು, ವಾಚನಾಲಯಕ್ಕೆ ಬರುವ ಮಕ್ಕಳಿಗೆ ಎರಡೆರಡು ನಿಮಿಷದ ತುಣುಕು ಮಾಡಿ ತೋರಿಸುವ ಅಂತ ಆಯ್ತು. ಇಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಅವರದೇ ಮಾತಾಡುವ ಬೊಂಬೆ ಟೀವಿಯಲ್ಲಿ ಇಲ್ಲ, ಅದು ನನಗೆ ದೊಡ್ಡ ಕೊರತೆ ಅಂತ ಅನಿಸ್ತದೆ.

1. ನೋಡಿ ಕಲಿತದ್ದು

ಮೊದಲ ಕೆಲಸ ಸೌಂಡ್ ಬಂದ್ ಮಾಡಿ ಹಳೇ ತುಣುಕು ನೋಡುದು. ಇದನ್ನು ಖಂಡಿತ ಮಾಡಿ. ಸ್ವರ ಇರುವಾಗ ನಾವು ಸ್ವರವನ್ನೇ ಕೇಳ್ತೇವೆ, ಬೊಂಬೆ ಎಂತ ಮಾಡ್ತಾ ಉಂಟು ಅಂತ ಕಾಣುದೇ ಇಲ್ಲ. ಸ್ವರ ತೆಗೆದ ಮೇಲೆ ಗೊತ್ತಾದದ್ದು ಏನಂದ್ರೆ ಅರ್ನಿ ಸುಮ್ಮನೆ ಕೂತಾಗ್ಲೂ ಬರ್ಟನ್ನು ನೋಡ್ತಾ ಇರ್ತಾನೆ, ಮತ್ತೆ ಕ್ಯಾಮರಾ ಕಡೆ ತಿರುಗ್ತಾನೆ, ಪುನಃ ಬರ್ಟನ್ನು ನೋಡ್ತಾನೆ. ನಮಗೆ ನಗು ಬರುದು ಆ ನೋಟಕ್ಕೆ.

ಎರಡನೇದು ಆಕಾರ. ಅರ್ನಿಯ ತಲೆ ಅಡ್ಡ ಮೊಟ್ಟೆ, ಅಂಗಿಯ ಪಟ್ಟಿ ಕೂಡ ಅಡ್ಡ. ಬರ್ಟಿನ ತಲೆ ಉದ್ದ ಮೊಟ್ಟೆ, ಅಂಗಿಯ ಪಟ್ಟಿ ಉದ್ದ. ದೂರದಿಂದ ನೋಡಿದ್ರೂ ಇಬ್ಬರ ಸ್ವಭಾವ ಬೇರೆ ಅಂತ ತಿಳೀತದೆ. ನಮ್ಮ ಜೋಡಿಗೂ ಅದೇ ಲೆಕ್ಕ ಹಾಕಿದೆವು, ದಪ್ಪ ಅಡ್ಡ ತಲೆಯ ಹಸಿರು ಗುಜ್ಜೆ, ಸಪೂರ ಉದ್ದ ತಲೆಯ ನುಗ್ಗೆ. ಗುಜ್ಜೆ ಹಪ್ಪಳಪ್ರಿಯ, ನುಗ್ಗೆ ಎಲ್ಲದಕ್ಕೂ ಲೆಕ್ಕ ಇಡುವವ.

ಕಾಸರಗೋಡಿನವರಾಗಿ ಸೂತ್ರದ ಬೊಂಬೆ ಯಾಕೆ ಮಾಡ್ಲಿಲ್ಲ ಅಂತ ಕೇಳುವವರಿದ್ದಾರೆ. ಕೆ.ವಿ. ರಮೇಶ್ ಅವರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ನಮ್ಮಲ್ಲೇ ಉಂಟು, ತೆಂಕುತಿಟ್ಟಿನ ವೇಷವನ್ನೇ ಬೊಂಬೆಗೆ ಕಟ್ಟಿ ಕುಣಿಸ್ತಾರೆ, ಆ ಕೈಚಳಕಕ್ಕೆ ವರ್ಷಗಟ್ಲೆ ಅಭ್ಯಾಸ ಬೇಕು. ಅದು ರಂಗಸ್ಥಳಕ್ಕೆ ಹೇಳಿ ಮಾಡಿಸಿದ ಕಲೆ, ಮುಖದ ಭಾವ ಅಲ್ಲಿ ಕತ್ತಿನ ಬಾಗುವಿಕೆಯಲ್ಲಿ, ಹೆಜ್ಜೆಯಲ್ಲಿ ಬರ್ತದೆ. ಟೀವಿ ಬೊಂಬೆಯದ್ದು ಕ್ಲೋಸಪ್ ಆಟ. ಮಪೆಟ್ ಅನ್ನುವ ಟೀವಿ ಬೊಂಬೆಗಳನ್ನು ಹುಟ್ಟಿಸಿದ ಜಿಮ್ ಹೆನ್ಸನ್ 1955ರಲ್ಲಿ ವಾಷಿಂಗ್ಟನ್ನಿನ ಟೀವಿಯಲ್ಲಿ 'ಸ್ಯಾಮ್ ಆಂಡ್ ಫ್ರೆಂಡ್ಸ್' ಶುರು ಮಾಡಿದಾಗ ಪರದೆ ಕಟ್ಟಿದ ಬೊಂಬೆಮಂಟಪವನ್ನೇ ತೆಗೆದುಬಿಟ್ರು, ಟೀವಿಯ ಚೌಕಟ್ಟೇ ರಂಗಸ್ಥಳ, ಅದರ ಕೆಳಗೆ ಆಡಿಸುವವರು ಅಡಗಿದ್ರೆ ಸಾಕು ಅಂತ. ಅಷ್ಟು ಹತ್ತಿರದಿಂದ ನೋಡುವಾಗ ಬಣ್ಣ ಹಚ್ಚಿದ ಗಟ್ಟಿ ಮುಖ ಸಾಕಾಗುದಿಲ್ಲ, ಹಾಗೆ ಅವರು ಸ್ಪಂಜು, ಬಟ್ಟೆ ಹಿಡಿದದ್ದು. ನಾವೂ ಸ್ಪಂಜಿಗೇ ಹೋದೆವು.

2. ಅಳತೆ, ಕಟಿಂಗ್, ಗಮ್ಮು

ಅಳತೆಗೆ ಆಧಾರ ಆಡಿಸುವವರ ಕೈ. ಮಧ್ಯದ ಬೆರಳ ತುದಿಯಿಂದ ಮಣಿಕಟ್ಟಿಗೆ ನನಗೆ 18 ಸೆಂಟಿಮೀಟರ್. ತಲೆಯ ಅಗಲ 24, ಎತ್ತರ 17, ಮುಂದಿಂದ ಹಿಂದಕ್ಕೆ 20 ಅಂತ ಇಟ್ಟೆವು. ಹಳೇ ಪೇಪರಲ್ಲಿ ನಮೂನೆ ಕತ್ತರಿಸಿ ಸೆಲ್ಲೋಟೇಪಲ್ಲಿ ಅಂಟಿಸಿ ತಲೆಯ ಆಕಾರ ನೋಡಿ, ಮತ್ತೆ ಸ್ಪಂಜಿಗೆ ಹೋದದ್ದು. ಪೇಪರಿನ ತಲೆ ಸರಿ ಕಾಣದೆ ಸ್ಪಂಜು ಮುಟ್ಟಬೇಡಿ, ಶೀಟು ವೃಥಾ ಹಾಳು.

ಸ್ಪಂಜು ಕಾಸರಗೋಡು ಪೇಟೆಯಲ್ಲಿ ಸೀಟು ಹೊಲಿಯುವ ಅಂಗಡಿಯಲ್ಲಿ ಸಿಕ್ಕಿತು, ಅರ್ಧ ಇಂಚು ದಪ್ಪ, 32 ಡೆನ್ಸಿಟಿ, 420 ರೂಪಾಯಿ. ಒಂದು ಶೀಟಿನಲ್ಲಿ ಎರಡು ತಲೆ ಬರ್ತದೆ. ಕತ್ತರಿ ಬೇಡ. ಕತ್ತರಿ ಸ್ಪಂಜನ್ನು ಒತ್ತಿ ಹಿಡಿದು ಕತ್ತರಿಸುದು, ಅಂಚು ಓರೆ ಆಗ್ತದೆ, ಓರೆ ಅಂಚು ಎರಡು ಸೇರಿಸಿದ್ರೆ ಅಲ್ಲಿ ಏಣು ಏಳ್ತದೆ. ಹೊಸ ಬ್ಲೇಡ್ ಹಾಕಿದ ಕಟ್ಟರ್, ಸ್ಟೀಲ್ ಸ್ಕೇಲ್, ಕೆಳಗೆ ಹಳೇ ಪ್ಲೈವುಡ್ ತುಂಡು, ಒಂದೇ ಎಳೆತಕ್ಕೆ ನೆಟ್ಟಗೆ ಕತ್ತರಿಸಬೇಕು. ಬ್ಲೇಡಿನ ತುದಿ ಮೊಂಡಾದ ಕೂಡ್ಲೆ ಮುರಿದು ಹೊಸ ತುದಿ ತೆಗೀರಿ.

ಅಂಟಿಸ್ಲಿಕ್ಕೆ ಚಪ್ಪಲಿ ಅಂಗಡಿಯವರು ಬಳಸುವ ರಬ್ಬರ್ ಗಮ್ಮು. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಇದು ನಮಗೆ ಮೊದಲು ಸರಿ ಆಗ್ಲೇ ಇಲ್ಲ. ಜುಲೈ ತಿಂಗಳ ಜಡಿಮಳೆ, ಗಮ್ಮು ಒಣಗುವಾಗ ಅದರ ಮೇಲೆ ಬೆಳ್ಳಗೆ ಒಂದು ಪೊರೆ ಕೂತಿತು, ಒತ್ತಿದ್ರೆ ಹಿಡಿದ ಹಾಗೆ ಕಂಡು ಮರುದಿನ ತಲೆ ಸೀಳಿಕೊಂಡು ಬಿಚ್ಚಿತು. ಗಮ್ಮಿನ ಸಾಲ್ವೆಂಟ್ ಆರುವಾಗ ಆ ಜಾಗ ತಣ್ಣಗಾಗ್ತದೆ, ಗಾಳಿಯ ನೀರಿನಂಶ ಅಲ್ಲಿ ಕೂರ್ತದೆ, ಹಾಗಾಗಿ ಹಿಡಿಯುದಿಲ್ಲ. ಮತ್ತೆ ಹೇರ್ ಡ್ರೈಯರ್ ತಂದು ಹಚ್ಚುವ ಮೊದಲು ಸ್ಪಂಜಿಗೆ, ಒತ್ತುವ ಮೊದಲು ಗಮ್ಮಿಗೆ ಬಿಸಿಗಾಳಿ ಕೊಟ್ಟೆವು, ಗಮ್ಮಿನಿಂದ ಒಂದು ಗೇಣು ದೂರ ಹಿಡಿದು, ಕಿಟಕಿ ಬಾಗಿಲು ತೆರೆದಿಟ್ಟು. ಸಾಲ್ವೆಂಟ್ ಬೆಂಕಿ ಹಿಡಿಯುವಂಥದ್ದು, ವಾಸನೆಗೆ ತಲೆ ತಿರುಗ್ತದೆ, ಹಸಿ ಇರುವಾಗ ಡ್ರೈಯರ್ ಹತ್ತಿರ ತರ್ಲೇಬಾರದು, ಪೂರ್ತಿ ಆರಿದ ಮೇಲೆಯೇ. ಮಕ್ಕಳನ್ನು ಆ ಹೊತ್ತಿಗೆ ಹೊರಗೆ ಕಳಿಸಿ.

3. ಬಾಯಿ ತಟ್ಟೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ತಿಂದದ್ದು ಇದು. ಬೊಂಬೆಯ ಬಾಯಿಯೊಳಗೆ ಮೇಲೊಂದು ಕೆಳಗೊಂದು ಗಟ್ಟಿ ತಟ್ಟೆ ಇರ್ತದೆ, ನಾಲ್ಕು ಬೆರಳು ಮೇಲಿನದ್ದಕ್ಕೆ, ಹೆಬ್ಬೆರಳು ಕೆಳಗಿನದ್ದಕ್ಕೆ. ತಟ್ಟೆ ಬಾಗಿದ್ರೆ ಬಾಯಿ ತೆರೆಯುದಿಲ್ಲ, ಮುಖ ಮಾತ್ರ ಹಿಂಡಿದ ಹಾಗೆ ಆಗ್ತದೆ. ಅಳತೆ: ಅಗಲ 14, ಮೇಲಿನ ತಟ್ಟೆ ಉದ್ದ 11, ಕೆಳಗಿನದ್ದು 9 ಸೆಂಟಿಮೀಟರ್, ಎರಡೂ ಮುಂದೆ ಅರ್ಧ ಚಂದ್ರ.

ಮೊದಲು ರಟ್ಟು. ಎರಡು ಪದರ ಅಂಟಿಸಿ ಸುತ್ತ ಪ್ಯಾಕಿಂಗ್ ಟೇಪ್. ಸುರುವಿಗೆ ಬಹಳ ಚಂದ ಆಡಿತು. ಆದ್ರೆ ಬೊಂಬೆಯೊಳಗೆ ಕೈ ಬೆವರ್ತದೆ, ಹೊರಗೆ ಮಳೆ, ಒಂದು ವಾರ ಹೋಗುವಾಗ ರಟ್ಟು ಮೆತ್ತಗಾಗಿ ಬಾಯಿಯ ಎರಡು ಮೂಲೆ ಜೋತುಬಿತ್ತು, ಗುಜ್ಜೆ ಯಾವಾಗ್ಲೂ ಅಳುವ ಮುಖದಲ್ಲಿ.

ಎರಡನೇದು ಅಡಿಕೆ ಹಾಳೆ. ನಮ್ಮ ತೋಟದಲ್ಲಿ ಬೇಕಾದಷ್ಟು ಉಂಟು, ಹಗುರ, ಒಣಗಿದ್ರೆ ಗಟ್ಟಿ, ಮಷಿನಲ್ಲಿ ಒತ್ತಿದ ಹಾಳೆತಟ್ಟೆಯ ನಡುವಿನ ಚಪ್ಪಟೆ ಭಾಗ ಕತ್ತರಿಸಿದ್ರೆ ಅಳತೆಗೆ ಸರಿ ಬರ್ತದೆ. ನನಗೆ ಇದರ ಮೇಲೆ ಬಹಳ ಆಸೆ ಇತ್ತು. ಹಾಳೆಯ ನಾರು ಒಂದೇ ದಿಕ್ಕಿಗೆ ಹೋಗ್ತದೆ, ನಾರು ಎಡದಿಂದ ಬಲಕ್ಕೆ ಬರುವ ಹಾಗೆ ಇಟ್ರೆ ಬೆರಳು ಒತ್ತುವಲ್ಲಿ ಮಡಚಿಕೊಳ್ತದೆ, ಹಿಂದಿಂದ ಮುಂದಕ್ಕೆ ಇಟ್ರೆ ಹೆಬ್ಬೆರಳಿನ ಸಾಲಲ್ಲಿ ಸೀಳ್ತದೆ. ಎರಡು ಹಾಳೆ ಅಡ್ಡ ಉದ್ದ ಅಂಟಿಸಿ ನೋಡಿದೆವು, ಆಗ ಗಟ್ಟಿ ಆಯ್ತು, ಸರಿ ಅಂತ ಎಲ್ಲ ಮುಗಿಸಿ ಇಟ್ಟದ್ದಕ್ಕೆ ಎರಡು ಹಾಳೆಯ ನಡುವಿಂದ ಬೂಸ್ಟು ಹಿಡಿದು ಹಸಿರು ಮಸಿ ಸ್ಪಂಜಿಗೂ ಹತ್ತಿತು. ಬೇಸಗೆಯಲ್ಲಿ ಮಾಡಿದ್ರೆ ನಿಲ್ಲುತ್ತದೋ ಏನೋ, ಮಳೆಗಾಲಕ್ಕೆ ಆಗುದಿಲ್ಲ.

ಮೂರನೇದು 3 ಮಿಲಿಮೀಟರ್ ಪ್ಲೈವುಡ್. ಬಾಗುದಿಲ್ಲ, ಸೀಳುದಿಲ್ಲ, ಆದ್ರೆ ಬಾಯಿ ಮುಚ್ಚಿದಾಗೆಲ್ಲ ಟಕ್ ಟಕ್ ಅಂತ ಶಬ್ದ ಮೈಕಿಗೆ ಹೋಗ್ತದೆ. ಭಾರ ಬೇರೆ, ಕೈ ಮೇಲೆತ್ತಿ ಹಿಡಿದು ಆಡಿಸುವಾಗ ತುದಿಯಲ್ಲಿರುವ ಸಣ್ಣ ಭಾರವೂ ಭುಜಕ್ಕೆ ಬರ್ತದೆ.

ಕೊನೆಗೆ ನಿಂತದ್ದು ಪೈಂಟ್ ಬಕೆಟಿನ ಮುಚ್ಚಳ. ಸುಮಾರು 2 ಮಿಲಿಮೀಟರ್ ದಪ್ಪ, ಹಗುರ, ನೀರಿಗೆ ಹೆದರುದಿಲ್ಲ. ಇದರ ತಕರಾರು ಒಂದೇ, ಆ ಜಾತಿಯ ಪ್ಲಾಸ್ಟಿಕ್ಕಿಗೆ ರಬ್ಬರ್ ಗಮ್ಮು ಹಿಡಿಯುದಿಲ್ಲ. ಸ್ಯಾಂಡ್ ಪೇಪರ್ ಉಜ್ಜಿ ಹಚ್ಚಿದ್ರೂ ಹಪ್ಪಳದ ಹಾಗೆ ಎದ್ದು ಬರ್ತದೆ. ಹಾಗಾಗಿ ಅಂಟಿಸುದನ್ನೇ ಬಿಟ್ಟು ಹೊಲಿದೆವು. ದಪ್ಪ ಸೂಜಿ ಕಾಯಿಸಿ ಅಂಚಿನಿಂದ 5 ಮಿಲಿಮೀಟರ್ ಒಳಗೆ, ಸೆಂಟಿಮೀಟರಿಗೆ ಒಂದರಂತೆ ತೂತು, ಮೇಣ ಹಚ್ಚಿದ ನೈಲಾನ್ ನೂಲಿನಲ್ಲಿ ತಟ್ಟೆಯನ್ನು ಸ್ಪಂಜಿನ ಅಂಚಿಗೆ ಹೊಲಿದದ್ದು. ಎರಡು ತಟ್ಟೆಯ ನಡುವೆ 4 ಮಿಲಿಮೀಟರ್ ಜಾಗ ಬಿಟ್ಟು ಒಂದು ಇಂಚು ಅಗಲದ ಕ್ಯಾನ್ವಾಸ್ ಪಟ್ಟಿ, ಅದೇ ತಿರುಗಣೆ. ಜಾಗ ಬಿಡದಿದ್ರೆ ಬಾಯಿ ಪೂರ್ತಿ ಮುಚ್ಚುದಿಲ್ಲ.

ಬೆರಳ ಹಿಡಿತಕ್ಕೆ ಸೈಕಲ್ ಟ್ಯೂಬು. ಮೇಲೆ 3 ಸೆಂಟಿಮೀಟರ್ ಅಗಲದ ಪಟ್ಟಿ ನಾಲ್ಕು ಬೆರಳಿಗೆ, ಕೆಳಗೆ ಹೆಬ್ಬೆರಳಿಗೆ ಒಂದು ಉಂಗುರ. ಇದು ಸಡಿಲ ಇದ್ರೆ ಬೆರಳು ಮೊದಲು ಹೋಗಿ ಬಾಯಿ ಆಮೇಲೆ ಬರ್ತದೆ, ಮಾತಿಗೂ ಬಾಯಿಗೂ ಕೂಡುದೇ ಇಲ್ಲ. ಬಿಗಿಯಾಗಿ ಇರ್ಲಿ, ಆದ್ರೆ ರಕ್ತ ನಿಲ್ಲುವಷ್ಟು ಅಲ್ಲ.

ಬಾಯಿ ಆಡಿಸುವ ಬಗ್ಗೆ ಇಲ್ಲೇ ಹೇಳ್ತೇನೆ. ಕೆಳಗಿನ ದವಡೆ ಇಳಿಬೇಕು, ಮೇಲಿನ ತಲೆ ಏಳ್ಬಾರದು. ಸಹಜವಾಗಿ ನಾಲ್ಕು ಬೆರಳಿಗೆ ಶಕ್ತಿ ಜಾಸ್ತಿ, ಅದೇ ಮೇಲೆ ಹೋಗ್ತದೆ, ಆಗ ಬೊಂಬೆ ಒಂದೊಂದು ಮಾತಿಗೂ ಆಕಾಶ ನೋಡ್ತದೆ. ಬಸ್ಸಲ್ಲಿ ಹೋಗುವಾಗ ಕೂಡ ಬರೀ ಕೈಯಲ್ಲಿ ಹೆಬ್ಬೆರಳು ಮಾತ್ರ ಇಳಿಸುವ ಅಭ್ಯಾಸ ಮಾಡಿದ್ದೇವೆ. ಮತ್ತೆ ಪ್ರತಿ ಅಕ್ಷರಕ್ಕೂ ಬಾಯಿ ತೆರೆಯಬಾರದು. "ಎಂತ ಮಾರಾಯ ನೀನು ಹೀಗೆ ಮಾಡಿದ್ದು" ಅನ್ನುದಕ್ಕೆ ಒತ್ತು ಬೀಳುವ ಕಡೆ ನಾಲ್ಕು ಸಲ ತೆರೆದ್ರೆ ಧಾರಾಳ ಆಯ್ತು, ಜಾಸ್ತಿ ತೆರೆದ್ರೆ ಹಸು ಮೆಲುಕು ಹಾಕುವ ಹಾಗೆ ಕಾಣ್ತದೆ.

4. ಬಟ್ಟೆ

ಮಪೆಟ್‌ಗಳಿಗೆ ಬಳಸುವ ಫ್ಲೀಸ್ ಅನ್ನುವ ಮೆತ್ತಗಿನ ರೋಮದ ಬಟ್ಟೆ ನಮ್ಮ ಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗ್ಲಿಲ್ಲ. ಹಸಿರು ಫ್ಲೀಸ್ ಹೊದಿಕೆ ಒಂದು 350 ರೂಪಾಯಿಗೆ ತಂದು ಅದನ್ನೇ ಕತ್ತರಿಸಿದೆವು. ಕತ್ತರಿಸುವ ಮೊದಲು ಎಳೆದು ನೋಡಿ, ಒಂದು ದಿಕ್ಕಿಗೆ ಜಾಸ್ತಿ ಹಿಗ್ಗುತ್ತದೆ, ಆ ದಿಕ್ಕು ತಲೆಯ ಸುತ್ತ ಬರುವ ಹಾಗೆ ಇಡಬೇಕು, ಆಗ ಸುಕ್ಕು ಬರುದಿಲ್ಲ. ಹೊಲಿಗೆ ಕೈಯಲ್ಲೇ, ಎರಡು ಅಂಚಿನ ಒಳಗಿಂದ ಸೂಜಿ ಆಚೆ ಈಚೆ ತೆಗೆದು ಎಳೆದ್ರೆ ನೂಲು ಕಾಣುದಿಲ್ಲ. ಹೆನ್ಸನ್ ಅವರ ಜೊತೆ ಬೊಂಬೆ ಕಟ್ಟುತ್ತಿದ್ದ ಡಾನ್ ಸಾಲಿನ್ ಹೊಲಿಗೆಯ ಸಾಲು ಕಾಣದ ಹಾಗೆ ಮಾಡುದ್ರಲ್ಲಿ ಎತ್ತಿದ ಕೈ. ಹೊಲಿದಾದ ಮೇಲೆ ಸೂಜಿಯ ತುದಿಯಲ್ಲಿ ಸಿಕ್ಕಿಬಿದ್ದ ರೋಮವನ್ನು ಎಬ್ಬಿಸಿ ಹಳೇ ಹಲ್ಲುಜ್ಜುವ ಬ್ರಶ್ಶಲ್ಲಿ ಬಾಚಿದೆವು, ಹೊಲಿಗೆ ಎಲ್ಲಿ ಅಂತ ಹುಡುಕಬೇಕು. ಗುಜ್ಜೆಯ ಮುಳ್ಳಿಗೆ ಗಾಢ ಹಸಿರು ಫೆಲ್ಟಿನ ಸಣ್ಣ ಸಣ್ಣ ಶಂಕು, ತಲೆಯ ಮೇಲೆ ಮಾತ್ರ. ಮುಖಕ್ಕೆ ಇಟ್ಟು ನೋಡಿದ್ರೆ ಕಣ್ಣಿನಿಂದ ಗಮನ ಹೋಗ್ತದೆ, ತೆಗೆದೆವು.

5. ಕಣ್ಣು

ಹೆನ್ಸನ್ 1955ರಲ್ಲಿ ಮೊದಲ ಕರ್ಮಿಟ್ ಬೊಂಬೆಯನ್ನು ತನ್ನ ಅಮ್ಮನ ಹಳೇ ಕೋಟಿನ ಬಟ್ಟೆಯಲ್ಲಿ ಹೊಲಿದು ಕಣ್ಣಿಗೆ ಪಿಂಗ್‌ಪಾಂಗ್ ಚೆಂಡನ್ನು ಎರಡು ಹೋಳು ಮಾಡಿ ಇಟ್ಟದ್ದು. ಅದನ್ನು ಓದಿದವರಿಗೆ ಬೇರೆ ಕಣ್ಣು ಇಡ್ಲಿಕ್ಕೆ ಮನಸ್ಸೇ ಬರುದಿಲ್ಲ. ಈಗಿನ ಚೆಂಡು 40 ಮಿಲಿಮೀಟರ್, 2000ದ ಮೊದಲು 38 ಇತ್ತು, ಹಾಗಾಗಿ ಹಳೇ ಅಳತೆ ನೋಡಿ ಮಾಡುವವರು ಎರಡು ಮಿಲಿಮೀಟರ್ ವ್ಯತ್ಯಾಸ ಲೆಕ್ಕಕ್ಕೆ ಇಟ್ಕೊಳ್ಳಿ. ಚೆಂಡಿನ ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ ಅದರ ಅಂಚಿನಲ್ಲಿ ಬ್ಲೇಡನ್ನು ಮೆಲ್ಲ ಓಡಿಸಬೇಕು, ಒಂದೇ ಸಲ ಒತ್ತಿದ್ರೆ ಬಿರುಕು ಬಿಡ್ತದೆ. ಬರೆದ ಹೆಸರನ್ನು ಸಣ್ಣ ಸ್ಯಾಂಡ್ ಪೇಪರಲ್ಲಿ ಉಜ್ಜಿ ತೆಗೆದ್ರೆ ಹೊಳಪೂ ಹೋಗ್ತದೆ, ಅದು ಒಳ್ಳೇದೇ, ಲೈಟ್ ಹೊಡೆದಾಗ ಕಣ್ಣು ಮಿನುಗಿ ದೃಷ್ಟಿ ತಪ್ಪುದಿಲ್ಲ.

ಕಣ್ಣನ್ನು ಮೊದಲು ಹಣೆಯ ಮೇಲೆ, ನಡುವೆ 8 ಸೆಂಟಿಮೀಟರ್ ಬಿಟ್ಟು ಇಟ್ಟೆವು. ಹತ್ತಿರದಿಂದ ಚಂದ. ಎರಡು ಮೀಟರ್ ದೂರದಿಂದ ಫೋಟೋ ತೆಗೆದ್ರೆ ಜೀವವೇ ಇಲ್ಲ, ಯಾರನ್ನೂ ನೋಡದ ನೋಟ. ಅಲ್ಲಿಂದ ಒಂದೊಂದೇ ಬದಲಾಯಿಸಿ ಫೋಟೋ ತೆಗೆಯುತ್ತಾ ಹೋದದ್ದು. ಕಣ್ಣು ಎರಡನ್ನೂ ಹತ್ತಿರ ತಂದು ಒಂದಕ್ಕೊಂದು ಮುಟ್ಟುವಷ್ಟು ಮಾಡಿ, ಮೇಲಿನ ತುಟಿಯಿಂದ 2 ಸೆಂಟಿಮೀಟರ್ ಎತ್ತರಕ್ಕೆ ಇಳಿಸಿದಾಗ ಮುಖ ಒಟ್ಟಾಯ್ತು. ಕಪ್ಪು ಪಾಪೆಗೆ 11 ಮಿಲಿಮೀಟರಿನ ಫೆಲ್ಟ್ ಚಕ್ರ, ಅದನ್ನು ಗಮ್ಮು ಹಾಕದೆ ಡಬಲ್ ಟೇಪಲ್ಲಿ ಹಿಡಿಸಿ ಆಚೆ ಈಚೆ ಸರಿಸಿ ನೋಡಿ. ಸರಿ ನಡುವಲ್ಲಿ ಇಟ್ರೆ ಬೆದರಿದವನ ಹಾಗೆ. ಹೊರಗೆ ಇಟ್ರೆ ಎಲ್ಲೋ ಕಳೆದುಹೋದವನ ಹಾಗೆ. ಎರಡನ್ನೂ ಮೂಗಿನ ಕಡೆಗೆ 3 ಮಿಲಿಮೀಟರ್, ಕೆಳಗೆ 2 ಮಿಲಿಮೀಟರ್ ಸರಿಸಿದಾಗ ಗುಜ್ಜೆ ನಮ್ಮನ್ನು ನೋಡಿದ. ನಿಜವಾಗಿ ನೋಡಿದ. ಕೋಣೆಯಲ್ಲಿದ್ದ ಎಲ್ಲರೂ ಒಂದು ಕ್ಷಣ ಮಾತು ನಿಲ್ಲಿಸಿದೆವು, ಬೊಂಬೆ ಒಳಗೆ ಯಾರ ಕೈಯೂ ಇರ್ಲಿಲ್ಲ ಆಗ, ಬಾಟ್ಲಿ ಮೇಲೆ ಕೂತಿತ್ತು ಅಷ್ಟೆ.

ಕಣ್ಣು ಸರಿಯಾದ್ರೂ ಕ್ಯಾಮರಾದಲ್ಲಿ ಪುನಃ ಮೇಲ್ಛಾವಣಿ ನೋಡ್ಲಿಕ್ಕೆ ಶುರು. ಕೈ ನೆಟ್ಟಗೆ ಎತ್ತಿದಾಗ ಬೆರಳ ತುದಿ ಸಹಜವಾಗಿ ಮೇಲೆ ಮುಖ ಮಾಡ್ತದೆ, ಮಣಿಕಟ್ಟನ್ನು ಮುಂದಕ್ಕೆ ಬಗ್ಗಿಸಿ ಇಟ್ರೆ ಮಾತ್ರ ಬೊಂಬೆ ಎದುರು ನೋಡುದು. ನಮ್ಮ ಗುಜ್ಜೆಯ ಕುತ್ತಿಗೆಯ ಸ್ಪಂಜು ಮುಂದೆ ದಪ್ಪ ಇತ್ತು, ಮಣಿಕಟ್ಟು ಬಗ್ಗುದಕ್ಕೆ ಜಾಗವೇ ಇಲ್ಲ. ಗಲ್ಲದ ಕೆಳಗೆ, ಬಟ್ಟೆಯ ಹೊಲಿಗೆ ಬಿಚ್ಚಿ 3 ಸೆಂಟಿಮೀಟರಿನ ಒಂದು ತ್ರಿಕೋನ ಸ್ಪಂಜು ಕತ್ತರಿಸಿ ತೆಗೆದ ಮೇಲೆ ಕೈ ಆರಾಮಲ್ಲಿ ಬಗ್ಗಿತು. ಈ ತ್ರಿಕೋನವನ್ನು ನಮೂನೆಯಲ್ಲೇ ಕತ್ತರಿಸಿಡಿ.

6. ಕೈ

ಅರ್ನಿ, ಬಿಸ್ಕತ್ತು ತಿನ್ನುವ ಕುಕ್ಕೀ ಮಾನ್‌ಸ್ಟರ್ ಇವರ ಕೈ ನಿಜವಾದ ಮನುಷ್ಯನ ಕೈ, ಗವುಸು ಹಾಕಿದ್ದು, ಒಂದು ಬೊಂಬೆಗೆ ಇಬ್ಬರು ಬೇಕು. ಬರ್ಟ್, ಕರ್ಮಿಟ್ ಇವರದ್ದು ಕೆಳಗಿಂದ ಕಡ್ಡಿಯಲ್ಲಿ ಆಡಿಸುವ ಕೈ. ಆಡಿಸುವವರ ಬಲಗೈ ತಲೆಯೊಳಗೆ ಹೋದ್ರೆ ಕಡ್ಡಿ ಹಿಡಿಯುದು ಎಡಗೈಯಲ್ಲಿ, ಹಾಗಾಗಿ ಆ ಬೊಂಬೆಗಳಲ್ಲಿ ಹೆಚ್ಚಿನವು ಎಡಚರು. ಗುಜ್ಜೆ ಹಪ್ಪಳ ಹಿಡಿಬೇಕಾದ್ದರಿಂದ ಗವುಸಿನ ಕೈ, ಎಡಗೈ ನನ್ನದು, ಬಲಗೈ ಕುವೈಟಿನವನದ್ದು. ಅದೇ ಹೊದಿಕೆಯಲ್ಲಿ ಹೊಲಿದ ನಾಲ್ಕು ಬೆರಳಿನ ಗವುಸು, ಕಿರುಬೆರಳು ಉಂಗುರಬೆರಳು ಒಂದರಲ್ಲೇ. ಮಕ್ಕಳ ಟೀಶರ್ಟ್ ಹಾಕಿದ್ರೆ ತೋಳಿಗೆ ದೊಡ್ಡವರ ಕೈ ನುಗ್ಗುದಿಲ್ಲ, ಎಕ್ಸ್‌ಎಲ್ ಅಡ್ಡಪಟ್ಟಿ ಟೀಶರ್ಟ್ 220 ರೂಪಾಯಿಗೆ ತಂದು ಬೆನ್ನಿನ ಕಡೆ ಮಡಚಿ ಹೊಲಿದೆವು.

ಇಬ್ಬರು ಒಂದೇ ಅಂಗಿಯೊಳಗೆ ನಿಂತು ಒಬ್ಬನೇ ಆಗ್ಲಿಕ್ಕೆ ತುಂಬಾ ಅಭ್ಯಾಸ ಬೇಕು. ಚಪ್ಪಾಳೆ ತಟ್ಟುದು ಎಲ್ಲಕ್ಕಿಂತ ಕಷ್ಟ, ಎರಡು ಕೈ ಒಂದನ್ನೊಂದು ಹುಡುಕ್ತಾ ಇರ್ತದೆ. ಎಡಗೈಯವ ಮುಂದಾಳು, ಬಲಗೈಯವ ಹಿಂಬಾಲಿಸುದು ಅಂತ ಮಾಡಿದ ಮೇಲೆ ಸರಿ ಬಂತು.

7. ಕ್ಯಾಮರಾ ಮತ್ತೆ ಟೀವಿ

ವಾಚನಾಲಯದ ಎರಡು ಉದ್ದದ ಬೆಂಚು ನೆಟ್ಟಗೆ ನಿಲ್ಲಿಸಿ ಕಟ್ಟಿ, ನಡುವೆ ಐದು ಅಡಿ ಎತ್ತರಕ್ಕೆ ಬೆಡ್‌ಶೀಟ್. ಆಡಿಸುವವರು ಹಿಂದೆ ನಿಂತು ಕೈ ಮೇಲೆ. ನಾವು ಎಂತ ಮಾಡ್ತಾ ಇದ್ದೇವೆ ಅಂತ ನಮಗೇ ಕಾಣದಿದ್ರೆ ನೋಟ ಸರಿ ಬರುದಿಲ್ಲ, ಹಾಗಾಗಿ ಕೆಳಗೆ ಒಂದು ಟೀವಿ ಇಟ್ಟು ಕ್ಯಾಮರಾದ ಚಿತ್ರ ಅದರಲ್ಲಿ ನೋಡ್ತಾ ಆಡಿಸಬೇಕು. ಸೆಸಮಿ ಸ್ಟ್ರೀಟಿನವರದ್ದೂ ಇದೇ ಪದ್ಧತಿ.

ಫೋನನ್ನು ವೈಫೈಯಲ್ಲಿ ಟೀವಿಗೆ ಕಾಸ್ಟ್ ಮಾಡಿದ್ದು ಉಪಯೋಗಕ್ಕೆ ಬರ್ಲಿಲ್ಲ. ಚಿತ್ರ ಅರ್ಧ ಸೆಕೆಂಡಿನಷ್ಟು ತಡವಾಗಿ ಬರ್ತದೆ, ಬಾಯಿ ಮುಚ್ಚಿಯಾದ ಮೇಲೆ ಟೀವಿಯಲ್ಲಿ ತೆರೀತದೆ, ಅದನ್ನು ನೋಡಿ ಕೈ ತಡಬಡಾಯಿಸಿ ಇನ್ನೂ ತಡ. 850 ರೂಪಾಯಿಯ ಎಚ್‌ಡಿಎಂಐ ಕೇಬಲ್ ಹಾಕಿದ ಮೇಲೆ ಆ ತೊಂದರೆ ಹೋಯ್ತು. ಮೊದಲೇ ನಿಮ್ಮ ಫೋನ್ ಕೇಬಲಲ್ಲಿ ಚಿತ್ರ ಕೊಡ್ತದೋ ಅಂತ ಕೇಳಿ ತಕ್ಕೊಳ್ಳಿ, ಎಲ್ಲ ಫೋನೂ ಕೊಡುದಿಲ್ಲ. ಇನ್ನೊಂದು, ಟೀವಿಯ ಚಿತ್ರ ಕನ್ನಡಿಯ ಹಾಗೆ ಅಲ್ಲ, ಕೈ ಎಡಕ್ಕೆ ಹೋದ್ರೆ ಪರದೆಯಲ್ಲಿ ಬಲಕ್ಕೆ. ಸುರುವಿಗೆ ಗುಜ್ಜೆ ಚೌಕಟ್ಟಿನ ಹೊರಗೇ ಓಡ್ತಿದ್ದ. ಚಿತ್ರವನ್ನು ತಿರುಗಿಸುವ ಸೆಟ್ಟಿಂಗ್ ಉಂಟು, ಆದ್ರೆ ಹಾಕಬೇಡಿ, ನೋಡುವವರಿಗೆ ಕಾಣುದನ್ನೇ ನಾವು ನೋಡಿ ಕಲೀಬೇಕು, ಕೈ ತಾನಾಗಿ ಹೊಂದಿಕೊಳ್ತದೆ.

8. ಹಪ್ಪಳ

ಇದು ಬಹಳ ಇಷ್ಟಪಟ್ಟು ಮಾಡಿದ ಭಾಗ. ಕುಕ್ಕೀ ಮಾನ್‌ಸ್ಟರ್ ತಿನ್ನುದು ಬೇಕರಿಯ ಬಿಸ್ಕತ್ತಲ್ಲ, ನಿಜವಾದ ಬಿಸ್ಕತ್ತಿನ ಎಣ್ಣೆ ಬೊಂಬೆಯ ಬಟ್ಟೆ ಹಾಳು ಮಾಡ್ತದೆ ಅಂತ ಬೇರೆಯೇ ಮಾಡಿ ಬಣ್ಣ ಹಚ್ಚಿ ಕೊಡ್ತಾರೆ. ನಮಗೂ ಅದೇ ಸಮಸ್ಯೆ, ಕರಿದ ಹಪ್ಪಳ ಒಂದು ಸಲ ತಿನ್ನಿಸಿದ್ದಕ್ಕೆ ತುಟಿಯ ಫ್ಲೀಸಿನಲ್ಲಿ ಎಣ್ಣೆ ಇಳಿದು ಕಲೆ ಹೋಗ್ಲೇ ಇಲ್ಲ, ಆ ಪಟ್ಟಿ ಬದಲಾಯಿಸಬೇಕಾಯ್ತು. ಮತ್ತೆ ಹಲಸಿನ ಹಪ್ಪಳವನ್ನು ಕೆಂಡದಲ್ಲಿ ಸುಟ್ಟು ಕೊಟ್ಟೆವು. ಎಣ್ಣೆ ಇಲ್ಲ, ಅಲ್ಲಲ್ಲಿ ಗುಳ್ಳೆ ಎದ್ದು ಕಂದು ಚುಕ್ಕಿ, ಬಾಯಿ ಎರಡು ಸಲ ಮುಚ್ಚಿದ್ರೆ ಪುಡಿಪುಡಿಯಾಗಿ ಸುತ್ತ ಹಾರ್ತದೆ, ಶಬ್ದವೂ ಮೈಕಿಗೆ ಚಂದ ಸಿಗ್ತದೆ. ಸುಟ್ಟು ಆರಿಸಿ ಡಬ್ಬಿಗೆ ಹಾಕಿ ಇಡಬೇಕು, ಮಳೆಗಾಲದಲ್ಲಿ ಹತ್ತು ನಿಮಿಷ ಹೊರಗಿದ್ರೆ ಮೆತ್ತಗಾಗಿ ಹರಿಯುತ್ತದೆ ವಿನಾ ಮುರಿಯುದಿಲ್ಲ.

ಹಪ್ಪಳ ತಿಂದ ರಾತ್ರಿ ಬೊಂಬೆಯ ಬಾಯಿ ತುಂಬಾ ಇರುವೆ. ಬಾಯಿಯ ಒಳಗೆ ಕೆಂಪು ಫೆಲ್ಟ್ ಇತ್ತು, ಪುಡಿ ಅದರೊಳಗೆ ಸೇರಿ ಬರುದೇ ಇಲ್ಲ. ಫೆಲ್ಟ್ ಕಿತ್ತು ಸೀಟಂಗಡಿಯವರು ಕೊಟ್ಟ ಕೆಂಪು ರೆಕ್ಸಿನ್ ತುಂಡು ಹೊಲಿದೆವು, ಈಗ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ ಆಯ್ತು. ರೆಕ್ಸಿನ್ ಸ್ವಲ್ಪ ಹೊಳೀತದೆ, ಅದು ಒದ್ದೆ ಬಾಯಿಯ ಹಾಗೆಯೇ ಕಂಡು ಇನ್ನೂ ಒಳ್ಳೇದಾಯ್ತು.

9. ಲೆಕ್ಕ ಮತ್ತೆ ನುಗ್ಗೆ

ಗುಜ್ಜೆಗೆ: ಸ್ಪಂಜು 420, ಹೊದಿಕೆ 350, ಗಮ್ಮು 240, ಟೀಶರ್ಟ್ 220, ಚೆಂಡು 120, ನೂಲು ಸೂಜಿ ಬ್ಲೇಡು 90, ಫೆಲ್ಟ್ 60. ಒಟ್ಟು 1500 ರೂಪಾಯಿ. ಕೇಬಲ್ 850 ಬೇರೆ. ಬಕೆಟಿನ ಮುಚ್ಚಳ, ಟ್ಯೂಬು, ರೆಕ್ಸಿನ್ ದುಡ್ಡಿಲ್ಲದೆ ಸಿಕ್ಕಿದ್ದು. ಬೊಂಬೆ ಇಡುದು ತಗಡಿನ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ಲಿನ ಸಣ್ಣ ಚೀಲಗಳನ್ನು ಹಾಕಿ, ತಲೆ ಒಂದು ಬಾಟ್ಲಿಗೆ ಸಿಕ್ಕಿಸಿ. ಮಡಚಿಟ್ಟ ಸ್ಪಂಜು ಮಡಚಿದ ಆಕಾರದಲ್ಲೇ ನಿಂತುಬಿಡ್ತದೆ.

ನುಗ್ಗೆಯ ಕೈಗೆ ಮೊದಲು ಹಳೇ ಕೊಡೆಕಡ್ಡಿ ಹಾಕಿದ್ದೆವು, ಸಪೂರ ಇದ್ರೂ ಬೇಗ ಬಾಗ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಸ್ಟೀಲಿನ ಟಿಗ್ ಕಡ್ಡಿ ಸಿಗ್ತದೆ, 2.4 ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದ, ಅದನ್ನು 45 ಸೆಂಟಿಮೀಟರಿಗೆ ಕತ್ತರಿಸಿ ಕೆಳಗೆ ಬಿದಿರಿನ ಹಿಡಿ, ಕ್ಯಾಮರಾಕ್ಕೆ ಕಾಣದ ಹಾಗೆ ಕಪ್ಪು ಬಣ್ಣ. ಕೈ ಗೆದ್ದಿದೆ. ಸೋತದ್ದು ತಲೆಯಲ್ಲಿ. ಎತ್ತರ 31 ಸೆಂಟಿಮೀಟರ್, ನನ್ನ ಬೆರಳು ಅರ್ಧಕ್ಕೆ ಮುಗೀತದೆ, ಬಾಯಿ ತೆರೆದಾಗ ಮೇಲಿನ ಅರ್ಧ ತಲೆ ಹಿಂದಕ್ಕೆ ಬಾಗಿ ಓಲಾಡ್ತದೆ. ಒಳಗೆ ಇನ್ನೊಂದು ಪದರ ಸ್ಪಂಜು ಅಂಟಿಸಿದ್ರೆ ಓಲಾಡುದು ನಿಂತಿತು, ಆದ್ರೆ ಭಾರಕ್ಕೆ ಎರಡು ನಿಮಿಷದ ತುಣುಕು ಕೂಡ ಮುಗಿಸ್ಲಿಕ್ಕೆ ಆಗ್ಲಿಲ್ಲ, ಭುಜ ನಡುಗ್ತದೆ. ಈಗ ಆ ಪದರ ಕಿತ್ತಾಯ್ತು. ಪಿವಿಸಿ ಪೈಪನ್ನು ಸೀಳಿ ಬಿಸಿನೀರಲ್ಲಿ ಮೆತ್ತಗೆ ಮಾಡಿ, 2 ಸೆಂಟಿಮೀಟರ್ ಅಗಲದ ಎರಡು ಪಟ್ಟಿ ಬಾಯಿ ತಟ್ಟೆಯ ಹಿಂಬದಿಯಿಂದ ನೆತ್ತಿಯವರೆಗೆ ಬೆನ್ನೆಲುಬಿನ ಹಾಗೆ ಹೊಲಿದು ನೋಡುವ ಅಂತ ಉಂಟು, ಪಟ್ಟಿ ಕತ್ತರಿಸಿಯಾಗಿದೆ, ತೂತು ಹಾಕ್ಲಿಕ್ಕೆ ಬಾಕಿ. ಉದ್ದ ತಲೆಯ ಬೊಂಬೆ ಮಾಡಿ ಗೊತ್ತಿರುವವರು ಹಗುರದ ಬೇರೆ ದಾರಿ ಇದ್ರೆ ತಿಳಿಸಿ. ಹಳದಿ ಫ್ಲೀಸ್ ಮೀಟರ್ ಲೆಕ್ಕದಲ್ಲಿ ಮಂಗಳೂರಲ್ಲೋ ಪುತ್ತೂರಲ್ಲೋ ಎಲ್ಲಿ ಸಿಗ್ತದೆ ಅಂತಲೂ ಬೇಕು, ನುಗ್ಗೆಯ ಮೂಗಿಗೆ ಹಾಕುವಷ್ಟು ಅರ್ಧ ಮೀಟರ್ ಸಾಕು.